ಬಳೆಗಾರ್ತಿ ಅಕ್ಕ ಹೇಳಿಸಿದ ಮಾತು

ಬಳೆ ಏರಿಸುವಾಗ ಅವಳು ಹೆಬ್ಬೆರಳಿನಿಂದ ಕೈಯ ಗೆಣ್ಣುಗಳನ್ನು ಹಿಸುಕುತ್ತಿದ್ದ ರೀತಿಗೆ ಕಣ್ಣಲ್ಲಿ ನೀರೇ ಬರುತ್ತಿತ್ತು. ‘ಕೈ ಸಡ್ಲ ಬಿಡವಾ, ಬಳಿ ನಿನ್ನ ತಿನ್ನಂಗಿಲ್ಲ’ ಎಂದು ಗದರುವುದು ಬೇರೆ. ಸವಣೂರಿನ ನಮ್ಮ ಓಣಿಯ ಬಳೆಗಾರ್ತಿ ಅಕ್ಕ ಒಂದು ಗಳಿಗೆ ಸುಮ್ಮನೆ ಕೂತವಳಲ್ಲ.

ಎಚ್‌ಐವಿ ಗುಳಿಗೆಯನ್ನು ಊರಲ್ಲೇ ತೆಗೆದುಕೊಂಡರೆ ಯಾರಾದರೂ ನೋಡಿಯಾರು ಎಂದು ನಾನು ಹಿರೇಕೆರೂರಿನವರೆಗೆ ಹೋಗುತ್ತಿದ್ದೆ. ಒಂದು ದಿನ ಅಲ್ಲಿಯ ಸಾಲಿನಲ್ಲಿ ನನ್ನ ಮುಂದೆಯೇ ಅಕ್ಕ! ಅವಳೂ ನನ್ನಂತೆ ಊರು ತಪ್ಪಿಸಿ ಬಂದಿದ್ದಳು. ‘ಇಲ್ಲಿ ನೀ ಯಾರೋ, ನಾ ಯಾರೋ’ ಎಂದು ಸೆರಗು ಎಳೆದುಕೊಂಡಳು. ಅಂದಿನಿಂದ ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಸೀಟು ಹಿಡಿದು ಹೋಗಿಬರುತ್ತಿದ್ದೆವು. ನಗು ತಡೆಯುವುದೇ ಕಷ್ಟವಾಗುತ್ತಿತ್ತು.

ಒಂದು ಬೆಳಿಗ್ಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕಾಲಲ್ಲೊಂದು ಹುಣ್ಣಾಗಿತ್ತು, ಜ್ವರವಿರಲಿಲ್ಲ. ಎದೆ ಮಾತ್ರ ಡವಡವ. ಬಳೆ ಇಡಲು ಬಂದಿದ್ದ ಅಕ್ಕ ಹಿಡಿದ ಕೈ ಬಿಡಲಿಲ್ಲ. ‘ಕೈ ಯಾಕ ಹಿಂಗ ತಣ್ಣಗಾಗ್ಯಾವ? ನಡಿ’ ಎಂದು ಆಟೋ ಹತ್ತಿಸಿ ಊರಿನ ಆಸ್ಪತ್ರೆಗೇ ಕರೆದೊಯ್ದಳು.

‘ದಿನಾ ಬ್ಯಾರೆ ಗುಳಿಗಿ ಏನರ ತಗೋತೀರೇನ್ರಿ?’ ಎಂದು ಡಾಕ್ಟರಮ್ಮ ಕೇಳಿದರು. ಬಾಗಿಲಲ್ಲಿ ನಮ್ಮ ಓಣಿಯವರೇ ಪಾಳಿ ಕಾಯುತ್ತಿದ್ದರು. ‘ಇಲ್ರಿ’ ಎಂದುಬಿಟ್ಟೆ. ಅಕ್ಕ ಚಡಪಡಿಸಿದಳು. ಎದ್ದಳು, ಕೂತಳು, ಮತ್ತೆ ಎದ್ದಳು. ನನ್ನ ಗುಟ್ಟನ್ನು ಅವಳು ಹೇಳುವಂತಿರಲಿಲ್ಲ. ತನ್ನದನ್ನೇ ಹೇಳಿದಳು.

‘ಡಾಕ್ಟರ, ನಾ ಎಚ್‌ಐವಿ ಗುಳಿಗಿ ನುಂಗತೇನ್ರಿ.’ ಬಾಗಿಲವರೆಗೂ ಕೇಳಿಸಿತು. ಆಮೇಲೆ ನನ್ನ ಕಡೆ ತಿರುಗಿದಳು. ‘ನಂದು ನಾ ಹೇಳೇನಿ. ನಿಂದು ನೀ ಹೇಳು.’

ಹೇಳಿದೆ. ‘ಹಂಗಾದ್ರ ಮೈಯಾಗ ರೋಗ ತಡಿಯೋ ಶಕ್ತಿ ಕಡಿಮಿ ಇರಬಹುದು, ಜ್ವರ ಇರದಿದ್ರೂ ಹುಣ್ಣಿನ ನಂಜು ರಕ್ತಕ್ಕ ಏರಿರಬಹುದ್ರಿ’ ಎಂದ ಡಾಕ್ಟರಮ್ಮ ಕೂಡಲೇ ರಕ್ತ ತೆಗೆಸಿದರು. ಅಂಥ ನಂಜು ಏರುವಾಗ ಬೇಗನೆ ಹೆಚ್ಚಾಗುವ ಪ್ರೊಕ್ಯಾಲ್ಸಿಟೋನಿನ್ ಎಂಬ ಅಂಶ ನನ್ನ ರಕ್ತದಲ್ಲಿ ಮಿತಿ ಮೀರಿತ್ತು. ಸಲೈನು, ಇಂಜೆಕ್ಷನ್ನು ಎಲ್ಲ ಶುರುವಾಯಿತು. ತಡವಾಗಿದ್ದರೆ ನಾನು ಉಳಿಯುತ್ತಿರಲಿಲ್ಲವಂತೆ.

ಆಮೇಲೆ ಓಣಿಯ ಕೆಲವರು ಅಕ್ಕನಿಂದ ಬಳೆ ಇಡಿಸಿಕೊಳ್ಳುವುದನ್ನು ಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಮಾತ್ರ ‘ಜಗತ್ತಿನಾಗ ಇದೊಂದ ಓಣಿ ಐತೇನ?’ ಎಂದು ಬುಟ್ಟಿ ಎತ್ತಿಕೊಂಡು ಬಂಕಾಪುರದ ಬಸ್ಸು ಹತ್ತಿದಳು.

ಅಕ್ಕ ಈಗಿಲ್ಲ. ನಿದ್ದೆಯಲ್ಲೇ ಎದೆಬಡಿತ ನಿಂತು ತೀರಿಕೊಂಡಳು. ಮೊನ್ನೆ ಗುಳಿಗೆಯ ಸಾಲಿನಲ್ಲಿ ನಮ್ಮ ಓಣಿಯ ಸೊಸೆಯೊಬ್ಬಳು ನನ್ನನ್ನು ಕಂಡು ಗೋಡೆ ಕಡೆ ತಿರುಗಿ ನಿಂತಳು. ಹತ್ತಿರ ಹೋಗಿ ಅವಳ ಕೈ ಹಿಡಿದುಕೊಂಡೆ.

‘ಮೊದಲ ನಂದು ಹೇಳ್ತೇನಿ, ಕೇಳವಾ’ ಎಂದೆ.