ಜೆಮಿಮಾಬಾಯಿಯ ತುರುಬಿನ ಸ್ಕೇಲು

ಬೀದರಿನ ಕೋಟೆಯ ಮೇಲೆ ದೊಡ್ಡ ದೊಡ್ಡ ತೋಪುಗಳಿವೆ. ಒಂದು ಕಾಲಕ್ಕೆ ಅವುಗಳ ಸದ್ದಿಗೆ ದಂಡು ದಂಡೇ ಹಿಂದೆ ಸರಿಯುತ್ತಿತ್ತಂತೆ. ಈಗ ಅವಕ್ಕೆ ಹೆದರುವವರಿಲ್ಲ. ಮದುವೆಗೆ ಮುಂಚಿನ ಜೋಡಿಗಳು ಅವಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುತ್ತವೆ. ಈ ಊರು ಇವತ್ತು ನಿಜವಾಗಿ ಹೆದರುವ ಆಯುಧ ಬೇರೆಯೇ ಇದೆ. ಉದ್ದ ಆರು ಇಂಚು. ಲೋಹ ಸ್ಟೀಲು. ಅದರ ಒರೆ ಒಂದು ತುರುಬು.

ತುರುಬು ಜೆಮಿಮಾಳದು. ವಯಸ್ಸು ನಲವತ್ತೇಳು, ಮನೆ ನೌಬಾದ, ಬೀದರಿನ ಒಂದು ಖಾಸಗಿ ದವಾಖಾನೆಯ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೀಟಾಣು ಬೆಳೆಸುವ ಉದ್ಯೋಗ. ಉಳಿದ ಹೆಂಗಸರು ಮಲ್ಲಿಗೆ ಮುಡಿಯುವ ಜಾಗದಲ್ಲಿ ಇವಳು ಸ್ಕೇಲು ಮುಡಿಯುತ್ತಾಳೆ. ಯಾಕೆ ಎಂಬುದರ ಬಗ್ಗೆ ಊರಲ್ಲಿ ಪುರಾಣಗಳೇ ಹುಟ್ಟಿಕೊಂಡಿವೆ. ಜಿಲ್ಲೆಯಿಂದ ಕ್ಷಯ ತೊಲಗುವವರೆಗೆ ಹೂವು ಮುಡಿಯೆನೆಂದು ಹರಕೆ ಹೊತ್ತಿದ್ದಾಳೆ ಎಂದು ವಾರ್ಡಿನ ಆಯಾಗಳು ಹೇಳುತ್ತಾರೆ. ಭಾಲ್ಕಿಯ ಸಾಲೆಯಲ್ಲಿ ಅರ್ಧ ತಾಲೂಕಿನ ಅಂಗೈ ಕೆಂಪು ಮಾಡಿದ ಅವಳಪ್ಪ ಡೇನಿಯಲ ಮಾಸ್ತರರು, ಕೊನೆಯುಸಿರಿನಲ್ಲಿ ಅದನ್ನು ಮಗಳ ಕೈಗಿಟ್ಟು ಕಣ್ಣು ಮುಚ್ಚಿದರು ಎಂದು ಚರ್ಚಿನ ಹಾಡುಗಾರ್ತಿಯರು ನಂಬಿದ್ದಾರೆ. ಕ್ಯಾಂಟೀನಿನವನು ಮಾತ್ರ, ಅವಳು ಒಮ್ಮೆ ತನ್ನ ಪೂರಿಯ ಅಗಲ ಅಳೆದು, ನಿನ್ನೆಗಿಂತ ಒಂದು ಸೆಂಟಿಮೀಟರ್ ಕಡಿಮೆ ಎಂದು ವಾಪಸು ಕಳಿಸಿದಳು ಎಂದು ಆಣೆ ಮಾಡುತ್ತಾನೆ. ಇವುಗಳಲ್ಲಿ ಪೂರಿಯದೊಂದು ನಿಜ.

ಸ್ಕೇಲಿನ ಅಸಲು ಕೆಲಸ ಹೀಗೆ. ಗಾಜಿನ ಚಿಕ್ಕ ತಟ್ಟೆಯಲ್ಲಿ ಜೆಲ್ಲಿಯಂಥದೊಂದು ಪಾಕ ಹುಯ್ದು ಹೆಪ್ಪುಗಟ್ಟಿಸುತ್ತಾರೆ. ರೋಗಿಯ ಗಾಯದಿಂದ ಬಂದ ಕೀಟಾಣುವನ್ನು ಅದರ ಮೇಲೆ ಸವರುತ್ತಾರೆ. ನಂತರ ಬೇರೆ ಬೇರೆ ಔಷಧದಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಅಲ್ಲಲ್ಲಿ ಇಟ್ಟು, ತಟ್ಟೆಯನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಮಲಗಿಸುತ್ತಾರೆ. ಮರುದಿನಕ್ಕೆ ಕೀಟಾಣು ತಟ್ಟೆಯ ತುಂಬ ಮಂಜಿನ ಹಾಗೆ ಬೆಳೆದಿರುತ್ತದೆ. ಯಾವ ಔಷಧಕ್ಕೆ ಅದು ಹೆದರುತ್ತದೋ ಆ ಬಿಲ್ಲೆಯ ಸುತ್ತ ಮಾತ್ರ ಖಾಲಿ ವೃತ್ತ. ವೃತ್ತ ಅಗಲವಾದಷ್ಟೂ ಹೆದರಿಕೆ ಹೆಚ್ಚು. ಆ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದು ‘ಈ ಔಷಧ ನಾಟುತ್ತದೆ, ಇದು ನಾಟುವುದಿಲ್ಲ’ ಎಂದು ಬರೆದು ಸಹಿ ಹಾಕುವವಳು ಜೆಮಿಮಾ.

ಆ ಮಂಗಳವಾರ ಅವಳು ಅಕ್ಕನ ಮಗಳು ಗ್ರೇಸಳ ಮದುವೆ ಮುಗಿಸಿ ಭಾಲ್ಕಿಯಿಂದ ಬಂದು, ನಾಲ್ಕು ದಿನದ ರಜೆಯ ನಂತರ ಲ್ಯಾಬಿಗೆ ಕಾಲಿಟ್ಟಳು. ಮೇಜಿನ ಮೇಲೆ ಒಂದು ತಟ್ಟೆ, ಒಂದು ರಿಪೋರ್ಟು, ಮತ್ತು ದವಾಖಾನೆಯ ಮ್ಯಾನೇಜರ್ ನಂದಕುಮಾರ ಕಾದಿದ್ದರು.

“ಬರ್ರಿ ಜೆಮಿಮಾಬಾಯಿ, ಬರ್ರಿ. ಸಹಿ ಒಂದೇ ಬಾಕಿ ಅದ ನೋಡ್ರಿ.”

ರಿಪೋರ್ಟು ಠಾಣಾ ಕುಶನೂರಿನ ಫಕ್ರುನ್ನಿಸಾ ಎಂಬ ಅರವತ್ತು ದಾಟಿದ ಹೆಂಗಸಿನದು. ಸಕ್ಕರೆ ಕಾಯಿಲೆ, ಬಲಗಾಲಿನಲ್ಲಿ ಕೊಳೆತ ಗಾಯ. ನುಂಗುವ ಗೋಳಿಗಳು ಯಾವುವೂ ನಾಟುತ್ತಿಲ್ಲ. ಇನ್ನೆರಡು ಮೂರು ದಿನದಲ್ಲಿ ಸರಿಯಾದ ಔಷಧ ಹಿಡಿಯದಿದ್ದರೆ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದು ಸರ್ಜನ್ ಡಾಕ್ಟರ್ ಮುರ್ತುಜಾ ಹೇಳಿದ್ದರು. ಜೆಂಟಾಮೈಸಿನ್ ಎಂಬ ಇಂಜೆಕ್ಷನ್ ನಾಟುತ್ತದೆ, ವೃತ್ತ ಹದಿನೆಂಟು ಮಿಲಿಮೀಟರ್ ಎಂದು ರಿಪೋರ್ಟಿನಲ್ಲಿತ್ತು.

ಜೆಮಿಮಾ ತಟ್ಟೆಯನ್ನು ಎತ್ತಿದಳು. ಎತ್ತಿದ ಕೈಗೆ ಅದು ಹಗುರ ಅನ್ನಿಸಿತು. ಕಿಟಕಿಯ ಬೆಳಕಿಗೆ ಹಿಡಿದಳು. ತುರುಬಿಗೆ ಕೈ ಹೋಯಿತು. ಮೂಲೆಯಲ್ಲಿದ್ದ ಟೆಕ್ನಿಷಿಯನ್ ಜಸ್ಟಿನ ಮೆಲ್ಲಗೆ ಎದ್ದು ಹೊರಗೆ ಹೋದ. ಯುದ್ಧದ ಲಕ್ಷಣ ಅವನಿಗೆ ಗೊತ್ತು. ಅವಳು ಜೆಲ್ಲಿಯ ಅಂಚನ್ನು ಬ್ಲೇಡಿನಿಂದ ಕತ್ತರಿಸಿ, ಸ್ಕೇಲು ನಿಲ್ಲಿಸಿ, ಬಗ್ಗಿ ನೋಡಿದಳು.

“ಎರಡೇ ಮಿಲಿಮೀಟರ್ ದಪ್ಪ ಅದರಿ. ನಾಕು ಇರಬೇಕು.”

“ಅದೇನಾತ್ರಿ? ನಾನೇ ಹೇಳೀನಿ, ಒಂದು ತಟ್ಟಿದು ಎರಡು ಮಾಡ್ರಿ ಅಂತ. ಜೆಲ್ಲಿ ಯಾರೂ ತಿನ್ನಂಗಿಲ್ಲಲ್ಲ.”

“ಕೀಟಾಣು ತಿಂತಾವರಿ.”

“ಜೆಲ್ಲಿ ತೆಳುವಾದ್ರ ಅವು ಕಂಪ್ಲೇಂಟ್ ಕೊಡ್ತಾವೇನು?”

“ಅವು ಕೊಡಲ್ಲರಿ, ನಾ ಕೊಡ್ತೇನಿ. ನೋಡ್ರಿ ಸಾಹೇಬ್ರೆ, ಸಾರು ಆಳದ ಬಟ್ಟಲದಾಗ ಹಾಕಿದ್ರ ಕೆಳಗ ಇಳೀತದ. ತಾಟಿನಾಗ ಹಾಕಿದ್ರ ಅಗಲ ಹರಿತದ. ಔಷಧನೂ ಹಂಗೇ. ತೆಳು ಜೆಲ್ಲಿ ಒಳಗ ಇಳೀಲಿಕ್ಕೆ ಜಾಗಾ ಇಲ್ಲ, ಅಗಲಕ್ಕ ಹರಿದದ, ವೃತ್ತ ದೊಡ್ಡದಾಗ್ಯದ. ಇದು ಔಷಧದ ತಾಕತ್ತಲ್ಲ, ನಿಮ್ಮ ಉಳಿತಾಯದ ತಾಕತ್ತು.”

ನಂದಕುಮಾರ ಕುರ್ಚಿಯಿಂದ ಎದ್ದರು. ಹೊರಗಿನ ಗೋಡೆಗೆ ‘ಹೇಳಿದ ದಿನಕ್ಕೆ ರಿಪೋರ್ಟು’ ಎಂಬ ಆಳೆತ್ತರದ ಬೋರ್ಡು ಹಾಕಿಸಿ ಇನ್ನೂ ಒಂದು ತಿಂಗಳಾಗಿರಲಿಲ್ಲ. ಆ ಬೋರ್ಡಿನ ಮೇಲೆ ಅವರದೂ ಫೋಟೋ ಇತ್ತು.

“ಮತ್ತೊಮ್ಮೆ ಮಾಡಿದ್ರ ನಾಳೆ ಆಗ್ತದ. ಇವತ್ತೇ ಕೊಡ್ತೇವಿ ಅಂತ ಹೇಳಿ ಆಗ್ಯದ. ಸಹಿ ಮಾಡ್ರಿ.”

“ಮಾಡಂಗಿಲ್ರಿ.”

“ಔರಾದದಾಗ ನಮ್ಮ ಸ್ಯಾಂಪಲ್ ತಗೊಳ್ಳೋ ಸೆಂಟರ್ ಅದ, ಗೊತ್ತಲ್ಲ? ಒಂದು ಖೋಲಿ, ಒಂದು ಫ್ರಿಜ್ಜು. ಅಲ್ಲಿ ಆಳು ಬೇಕಾಗ್ಯಾರ.”

“ಹೋಗ್ತೇನಿ. ಈ ತಟ್ಟಿ ಮ್ಯಾಲ ಮಾತ್ರ ಸಹಿ ಮಾಡಂಗಿಲ್ಲ.”

“ನಿಮ್ಮ ಸ್ಕೇಲು ಎಲ್ಲರಿಗಿಂತ ದೊಡ್ಡದೇನ್ರಿ?”

“ಆರು ಇಂಚು ಅದರಿ,” ಎಂದು ಜೆಮಿಮಾ ಅದನ್ನು ತುರುಬಿಗೆ ಸಿಕ್ಕಿಸಿಕೊಂಡು, ನೇರ ಮುರ್ತುಜಾ ಡಾಕ್ಟರರ ಕೋಣೆಗೆ ನಡೆದಳು.

ಡಾಕ್ಟರು ಕೇಳಿದರು, ತಲೆ ಕೆರೆದುಕೊಂಡರು. “ನಾಳೆ ಎಷ್ಟೊತ್ತಿಗೆ?”

“ಮುಂಜಾನಿ ಒಂಬತ್ತಕ್ಕ ಅಳೀತೇನಿ.”

“ಒಂದು ದಿನ ಕಾಯಬಹುದು. ಅಲ್ಲಿತನಕ ಗಾಯ ತೊಳೆದು ಇಡ್ತೇನಿ. ಆದ್ರ ಹೊಸ ತಟ್ಟಿನೂ ಹದಿನೆಂಟೇ ಅಂದ್ರ? ಒಂದು ದಿನ ಸುಮ್ಮನ ಕಳಕೊಂಡಂಗ ಆಗ್ತದ. ಆ ಕಾಲಿಗೆ ಒಂದು ದಿನಾನೂ ಭಾಳ ಅದ, ಬಾಯಿ.”

ಇದು ಮಾತ್ರ ಜೆಮಿಮಾಳ ಎದೆಗೆ ನಾಟಿತು. ಮ್ಯಾನೇಜರರ ಬೆದರಿಕೆಗಿಂತ ಹತ್ತು ಪಟ್ಟು. ಅವಳು ಲ್ಯಾಬಿಗೆ ಬಂದು, ಪಾಕ ಕಾಯಿಸಿ, ನಾಲ್ಕು ಮಿಲಿಮೀಟರ್ ಹುಯ್ದಳು. ಒಂದು ತಟ್ಟೆಗೆ ಫಕ್ರುನ್ನಿಸಾಳ ಕೀಟಾಣು. ಇನ್ನೊಂದಕ್ಕೆ ಲ್ಯಾಬಿನಲ್ಲಿ ಪರೀಕ್ಷೆಗೆಂದೇ ಸಾಕಿಟ್ಟ ಸಾಧು ಕೀಟಾಣು. ಅದರ ವೃತ್ತ ಎಷ್ಟು ಬರಬೇಕೆಂಬುದು ಮೊದಲೇ ಗೊತ್ತಿರುವುದರಿಂದ, ತಟ್ಟೆ ಸುಳ್ಳು ಹೇಳಿದರೆ ಅದು ಹಿಡಿದುಕೊಡುತ್ತದೆ. ಪೆಟ್ಟಿಗೆಯ ಬಾಗಿಲು ಮುಚ್ಚಿದಾಗ ಮಧ್ಯಾಹ್ನ ಎರಡು ಗಂಟೆ. ಇನ್ನು ಅವಳ ಕೈಯಲ್ಲಿ ಏನೂ ಇರಲಿಲ್ಲ. ಅದಕ್ಕೇ ವಾರ್ಡಿಗೆ ಹೋದಳು.

ಫಕ್ರುನ್ನಿಸಾ ದಿಂಬಿಗೆ ಒರಗಿ ಕೂತಿದ್ದಳು, ಕಾಲು ಪಟ್ಟಿಯಲ್ಲಿ, ಬಾಯಿ ಮಾತಿನಲ್ಲಿ. ಪಕ್ಕದಲ್ಲಿ ಮಗಳು ನಾಹೀದ, ಉರ್ದು ಸಾಲೆಯ ಶಿಕ್ಷಕಿ.

“ಬಾ ಬೇಟಾ, ಕೂಡು. ಮಗಳೇ, ಸಿಸ್ಟರಿಗೆ ಏನರ ಕೊಡು.”

“ನಾ ಸಿಸ್ಟರ್ ಅಲ್ಲ ಖಾಲಾ, ಲ್ಯಾಬಿನಾಕಿ.”

“ಯಾರಿದ್ರೂ ಏನು, ಖಾಲಿ ಬಾಯಿಲೆ ಕೂಡಬಾರದು,” ಎನ್ನುತ್ತ ಮುದುಕಿ ಎಲೆ ಅಡಿಕೆ ಇಡುವ ತನ್ನ ಹಿತ್ತಾಳೆಯ ಪಾನದಾನ ತೆರೆದಳು. ಜೆಮಿಮಾ ಇಣುಕಿ ನೋಡಿದಳು. ಅಡಿಕೆಯ ಖಾನೆಯಲ್ಲಿ ಕೆಂಪು ಹಳದಿ ಕ್ಯಾಪ್ಸೂಲು. ಲವಂಗದ ಖಾನೆಯಲ್ಲಿ ಬಿಳಿಯ ಅರ್ಧ ಗೋಳಿ. ಕಾಚಿನ ಡಬ್ಬಿಯಲ್ಲಿ ನೀಲಿಯವು.

“ಇದೇನ್ರಿ ಖಾಲಾ?”

“ಡಾಕ್ಟರ್ ಪಾನ ಬಿಡ್ರಿ ಅಂದ್ರು, ಬಿಟ್ಟೆ. ಪಾನದಾನ ಖಾಲಿ ಇಡಬಾರದು. ನನ್ನ ಅಮ್ಮೀದು ಅದು. ದವಾಖಾನಿ ಗೋಳಿ ಎರಡು ದಿನ ತಗೊಂಡ್ರ ಆರಾಮ ಆಗ್ತದ, ಉಳಿದದ್ದು ಇದರಾಗ ಹಾಕ್ತೇನಿ. ಯಾರಿಗರ ಬುಖಾರ ಬಂದ್ರ ಒಂದು ಕೊಡ್ತೇನಿ. ಮನಿಗೆ ಬಂದ ಮೆಹಮಾನರಿಗೆ ಖಾಲಿ ಕೈಲೆ ಹ್ಯಾಂಗ ಕಳಿಸ್ಲಿ? ನಾನೂ ಒಂದೊಂದು ಬಾಯಾಗ ಹಾಕ್ಕೋತೇನಿ, ಅವರಿಗೆ ಸಂಕೋಚ ಆಗಬಾರದು ಅಂತ.”

ನಾಹೀದ ತಲೆ ತಗ್ಗಿಸಿದಳು. ಜೆಮಿಮಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ಔದಾರ್ಯದಿಂದ ಕೀಟಾಣುಗಳಿಗೆ ಕುಸ್ತಿ ಕಲಿಸಿದ ಗರಡಿಯನ್ನು ಅವಳು ಹತ್ತೊಂಬತ್ತು ವರ್ಷದಲ್ಲಿ ಕಂಡಿರಲಿಲ್ಲ.

“ಖಾಲಾ, ಕೀಟಾಣು ಅಂದ್ರ ಒಂದು ಸಣ್ಣ ಮದುವಿ ಮನಿ ತಿಳಕೊಳ್ರಿ. ಒಳಗ ಅಡಗಿ ಮಾಡೋ ಸಾವಿರಾರು ಬಾವರ್ಚಿ ಅದಾರ. ಚೀಟಿ ಬರ್ತದ, ಚೀಟಿ ಓದಿ ಮಣಿ ಪೋಣಿಸಿದಂಗ ಒಂದೊಂದೇ ಜೋಡಿಸಿ ಪ್ರೋಟೀನು ಮಾಡ್ತಾರ. ಅದರ ಮ್ಯಾಲೇ ಅದು ಬದುಕೋದು. ಡಾಕ್ಟರ್ ಕೊಡಬೇಕಂತಿರೋ ಇಂಜೆಕ್ಷನ್ ಹೋಗಿ ಬಾವರ್ಚಿ ಮ್ಯಾಲ ಕೂಡ್ತದ, ಚೀಟಿ ತಪ್ಪು ಓದಸ್ತದ.”

“ಅಂದ್ರ ಬಿರ್ಯಾನಿ ಅಂತ ಇದ್ರ ಖೀರ್ ಮಾಡ್ತಾನು?”

“ಖೀರಿನಾಗ ಮೆಣಸಿನಕಾಯಿ ಹಾಕ್ತಾನ. ದಾವತ್ ಹಾಳು, ಕೀಟಾಣು ಖಲಾಸ್. ಆದ್ರ ಕೆಲವು ಭಾಳ ಶಾಣ್ಯಾ ಇರ್ತಾವ. ಬಾಗಿಲಿಗೆ ಒಂದು ಕಾವಲಿನ ಪ್ರೋಟೀನು ಮಾಡಿ ಇಟ್ಟಿರ್ತಾವ. ಔಷಧ ಒಳಗ ಬಂದ ಕೂಡಲೇ ಅದರ ಕೈ ಕಟ್ಟಿ ಹಾಕ್ತದ. ಕೈ ಕಟ್ಟಿದ ಔಷಧ ಬಾವರ್ಚಿಗೆ ಏನು ಮಾಡ್ತದ್ರಿ?”

“ಆದ್ರ ಆಪಾ,” ಎಂದಳು ನಾಹೀದ, “ಅಮ್ಮೀ ಆ ಇಂಜೆಕ್ಷನ್ ಒಮ್ಮೆನೂ ತಗೊಂಡಿಲ್ಲ. ಕೀಟಾಣು ಅದನ್ನ ಎಲ್ಲಿ ಕಲೀತದ?”

“ಅವು ತಮ್ಮ ತಮ್ಮಲ್ಲೇ ವಿದ್ಯೆ ಹಂಚಿಕೋತಾವ. ಸಣ್ಣ ಚೀಟಿ ಕಟ್ಟು ಇರ್ತದ, ಒಂದು ಇನ್ನೊಂದಕ್ಕ ಕೊಡ್ತದ. ಒಂದೇ ಕಟ್ಟಿನಾಗ ನಾಕೈದು ಔಷಧ ಸೋಲಿಸೋ ಉಪಾಯ ಬರೆದಿರಬಹುದು. ಅರ್ಧಂಬರ್ಧ ಗೋಳಿ ತಿಂದ್ರ ಸಾಧುಗೋಳು ಸಾಯ್ತಾವ, ಕಟ್ಟು ಇದ್ದ ಗೂಂಡಾ ಉಳಿತಾವ. ಖಾಲಾ ಅವಕ್ಕ ಜಾಗಾ ಖಾಲಿ ಮಾಡಿ ಕೊಟ್ಟಾರ.”

ಫಕ್ರುನ್ನಿಸಾ ಪಾನದಾನದ ಮುಚ್ಚಳವನ್ನು ಮೆಲ್ಲಗೆ ಹಾಕಿದಳು. “ಅವನ್ನೂ ಸೋಲಿಸೋ ಗುರು ಯಾರರ ಇರಬೇಕಲ್ಲ? ಅವಕ್ಕ ರೋಗ ಬರಲ್ಲೇನು?”

“ಬರ್ತದ. ಅವಕ್ಕೂ ವೈರಸ್ ಬರ್ತದ. ಮತ್ತ ಕೆಲವು ಕೀಟಾಣು ಹತ್ರನೂ ಒಂದು ಪಾನದಾನ ಅದ ಖಾಲಾ. ವೈರಸ್ ಬಂದು ಹೋದ ಮ್ಯಾಲ ಬದುಕಿ ಉಳಿದ್ರ, ಆ ವೈರಸ್ಸಿನದೊಂದು ತುಣುಕು ಆ ಪಾನದಾನದಾಗ ಇಟ್ಟುಕೋತಾವ. ಮತ್ತ ಅದೇ ಬಂದ್ರ ತುಣುಕಿನ ಜೋಡಿ ಹೋಲಿಸಿ ನೋಡಿ ಕಚಕ್ ಅಂತ ಕತ್ತರಿಸ್ತಾವ. ಮಕ್ಕಳಿಗೂ ಆ ಪಾನದಾನ ಕೊಟ್ಟು ಹೋಗ್ತಾವ.”

“ನನ್ನಕಿಂತ ಛಲೋ ಸಂಸಾರ ಮಾಡ್ತಾವ,” ಎಂದಳು ಮುದುಕಿ. ಆಮೇಲೆ ದನಿ ತಗ್ಗಿಸಿ ಕೇಳಿದಳು, “ಬೇಟಾ, ಪಾದ ಉಳಿತದೇನು?”

“ನಾಳೆ ಅಳದು ಹೇಳ್ತೇನಿ.”

ಬೇರೆ ಯಾರಾದರೂ ‘ದೇವರಿದ್ದಾನೆ’ ಎನ್ನುತ್ತಿದ್ದರು. ಜೆಮಿಮಾ ದೇವರನ್ನೂ ಅಳೆಯದೆ ಮಾತಾಡುವವಳಲ್ಲ. ಆದರೆ ಎದ್ದು ಬರುವಾಗ ಆ ಪಟ್ಟಿ ಕಟ್ಟಿದ ಕಾಲಿನ ಕಡೆ ಒಂದು ಸಲ ನೋಡಿದಳು.

ಬುಧವಾರ ಒಂಬತ್ತಕ್ಕೆ ಲ್ಯಾಬಿನಲ್ಲಿ ಸಭೆ ನೆರೆಯಿತು. ಡಾಕ್ಟರ್ ಮುರ್ತುಜಾ ಕೈಗಡಿಯಾರ ನೋಡುತ್ತಿದ್ದರು. ನಂದಕುಮಾರರ ಕೈಯಲ್ಲಿ ಔರಾದದ ವರ್ಗಾವಣೆಯ ಕಾಗದವಿತ್ತು, ಶಾಯಿ ಇನ್ನೂ ಹೊಸದು. ಜೆಮಿಮಾ ಪೆಟ್ಟಿಗೆ ತೆರೆದು ತಟ್ಟೆಗಳನ್ನು ತಂದಳು. ಒರೆಯಿಂದ ಆಯುಧ ಹೊರಬಂತು. ಮೊದಲು ಸಾಧು ಕೀಟಾಣುವಿನ ತಟ್ಟೆ: ವೃತ್ತ ಎಷ್ಟಿರಬೇಕೋ ಅಷ್ಟೇ. ತಟ್ಟೆ ನಿಜ ಹೇಳುತ್ತಿದೆ. ಆಮೇಲೆ ಫಕ್ರುನ್ನಿಸಾಳದು.

“ಜೆಂಟಾಮೈಸಿನ್, ಹದಿಮೂರು. ನಾಟಂಗಿಲ್ಲ.”

ಅವಳು ಸ್ಕೇಲನ್ನು ಪಕ್ಕದ ಬಿಲ್ಲೆಗೆ ಸರಿಸಿದಳು. ಅದನ್ನು ಮೂರು ಸಲ ಅಳೆದಳು.

“ಅಮಿಕಾಸಿನ್, ಇಪ್ಪತ್ತೆರಡು. ನಾಟ್ತದ.”

“ಎರಡೂ ಒಂದೇ ಜಾತಿ ಔಷಧ ಅಲ್ಲೇನ್ರಿ?” ಎಂದರು ನಂದಕುಮಾರ, ಕೊನೆಯ ಬಾಣ ಬಿಡುವವರಂತೆ.

“ಅಣ್ಣತಮ್ಮ ಅವರಿ. ಎರಡೂ ಕೀಟಾಣುವಿನ ಪ್ರೋಟೀನು ಮಾಡೋ ಬಾವರ್ಚಿ ಮ್ಯಾಲೇ ಕೂಡೋದು. ಆದ್ರ ತಮ್ಮ ಅಮಿಕಾಸಿನ್ನಿನ ಮೈಯಾಗ ಒಂದು ಬಾಲ ಹೆಚ್ಚು ಅದ, ಕಾವಲಿನವನಿಗೆ ಅವನ ಕೈ ಕಟ್ಟಲಿಕ್ಕೆ ಸಿಗಲ್ಲ.”

ಡಾಕ್ಟರು ಕಾಯಲಿಲ್ಲ; ನಿಂತಲ್ಲೇ ಇಂಜೆಕ್ಷನ್ ಬರೆದು ವಾರ್ಡಿಗೆ ಓಡಿದರು. ಜೆಮಿಮಾ ರಿಪೋರ್ಟಿಗೆ ಸಹಿ ಹಾಕಿದಳು. ಆಮೇಲೆ ಕೈ ಚಾಚಿ, “ಕೊಡ್ರಿ ಆ ಕಾಗದನೂ,” ಎಂದು ವರ್ಗಾವಣೆಯ ಕಾಗದ ಇಸಿದುಕೊಂಡು ಅದಕ್ಕೂ ಸಹಿ ಹಾಕಿದಳು. ನಂದಕುಮಾರರಿಗೆ ಅದನ್ನು ವಾಪಸು ಪಡೆಯುವ ಮನಸ್ಸು ಒಂದು ಕ್ಷಣ ಬಂದಿತ್ತಂತೆ. ಮನಸ್ಸು ಬಂದಷ್ಟೇ ಬೇಗ ಹೋಯಿತು. ಆದರೆ ಅಂದಿನಿಂದ ಆ ಲ್ಯಾಬಿನ ತಟ್ಟೆಗಳು ನಾಲ್ಕು ಮಿಲಿಮೀಟರಿಗಿಂತ ತೆಳುವಾಗಿಲ್ಲ. ಮುರ್ತುಜಾ ಡಾಕ್ಟರು ತಮ್ಮ ಕಿಸೆಯಲ್ಲೂ ಒಂದು ಸ್ಕೇಲು ಇಟ್ಟುಕೊಂಡು ಓಡಾಡುತ್ತಿದ್ದಾರೆ ಎಂದು ಜಸ್ಟಿನ ಫೋನಿನಲ್ಲಿ ಹೇಳಿದ.

ಔರಾದದಲ್ಲಿ ಒಂದು ಖೋಲಿ, ಒಂದು ಫ್ರಿಜ್ಜು. ಮೊದಲ ವಾರದಲ್ಲೇ ಜೆಮಿಮಾ, ಫ್ರಿಜ್ಜಿನ ಬಾಗಿಲಿನ ಸಂದು ಎರಡು ಮಿಲಿಮೀಟರ್ ಅಗಲ ಇದೆ, ತಂಪು ಸೋರುತ್ತಿದೆ, ಸ್ಯಾಂಪಲ್ ಕೆಡುತ್ತಿದೆ ಎಂದು ಬೀದರಿಗೆ ಮೂರು ಪತ್ರ ಬರೆದಳು. ಎರಡು ತಿಂಗಳಾದ ಮೇಲೆ ನಾಲ್ಕನೆಯದು ಬರೆಯುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು.

ಫಕ್ರುನ್ನಿಸಾ. ಠಾಣಾ ಕುಶನೂರಿನಿಂದ ಬಸ್ಸಿನಲ್ಲಿ ಬಂದು, ಸ್ಟ್ಯಾಂಡಿನಿಂದ ನಡೆದೇ ಬಂದಿದ್ದಳು. ಕೈಯಲ್ಲಿ ಕೋಲು, ಹಿಂದೆ ನಾಹೀದ, ಬಗಲಲ್ಲಿ ಪಾನದಾನ. ಬಲಗಾಲಿನ ಕಿರುಬೆರಳು ಹೋಗಿತ್ತು, ಉಳಿದದ್ದೆಲ್ಲ ಇತ್ತು. ಕೂತವಳೇ ಪಾದ ಮುಂದೆ ಚಾಚಿದಳು.

“ಅಳಿ ಬೇಟಾ. ಯಾರು ಹೇಳಿದ್ರೂ ನಾ ನಂಬಲ್ಲ.”

ಜೆಮಿಮಾ ತುರುಬಿನಿಂದ ಸ್ಕೇಲು ತೆಗೆದು, ಸ್ಪಿರಿಟಿನಲ್ಲಿ ಒರೆಸಿ, ಗಾಯದ ಗುರುತಿನ ಪಕ್ಕ ಹಿಡಿದಳು. “ಆರು ಮಿಲಿಮೀಟರ್. ಒಣಗ್ಯದ.”

ಮುದುಕಿ ಪಾನದಾನ ತೆರೆದು ತೋರಿಸಿದಳು. ಖಾನೆಗಳಲ್ಲಿ ಸೋಂಪು, ಏಲಕ್ಕಿ, ಕಲ್ಲುಸಕ್ಕರೆ. ಕಲ್ಲುಸಕ್ಕರೆ ಮೆಹಮಾನರಿಗೆ ಮಾತ್ರ ಎಂದು ನಾಹೀದ ಗಟ್ಟಿಯಾಗಿ ಹೇಳಿದಳು. ಜೆಮಿಮಾಳ ಕೈಗೆ ಒಂದು ಏಲಕ್ಕಿ ಬಂತು.

“ಆಪಾ, ಒಂದು ಮಾತು ಕೇಳಲಿ?” ಎಂದಳು ನಾಹೀದ. “ಬೀದರ ತುಂಬ ಹೇಳ್ತಾರ. ಹರಕಿ ಅದ ಅಂತಾರ, ಅಪ್ಪನ ನೆನಪು ಅಂತಾರ. ಮ್ಯಾನೇಜರ್ ಸಾಹೇಬ್ರು ಅಂತೂ ಅದರಾಗ ಏನೋ ಶಕ್ತಿ ಅದ ಅಂತ ಹೆದರ್ತಾರ. ನಿಜ ಹೇಳ್ರಿ, ಸ್ಕೇಲು ತುರುಬಿನಾಗ ಯಾಕ ಇಟ್ಕೋತೀರಿ?”

ಜೆಮಿಮಾ ಸ್ಕೇಲನ್ನು ಮತ್ತೆ ತುರುಬಿಗೆ ಸಿಕ್ಕಿಸಿಕೊಂಡು, ಏಲಕ್ಕಿ ಅಗಿಯುತ್ತ, ತನ್ನ ಬಿಳಿ ಏಪ್ರನ್ನಿನ ಕಿಸೆಯೊಳಗೆ ಕೈ ಹಾಕಿದಳು. ಐದು ಬೆರಳೂ ಕೆಳಗಿನಿಂದ ಹೊರಬಂದವು.

“ಕಿಸಿ ಹರದದವ್ವಾ. ಹೊಲಿಲಿಕ್ಕೆ ಪುರಸೊತ್ತು ಸಿಕ್ಕಿಲ್ಲ.”