ಬಿಳಿ ನೊಣಕ್ಕೆ ಎರಡು ಔಷಧ

ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಹತ್ತಿ ಹೊಲ ವಡೋದರಾದಿಂದ ಎಷ್ಟು ದೂರವಿತ್ತು, ಅದು ಅರವತ್ತರ ದಶಕದ ಯಾವ ವರ್ಷ, ಖಚಿತವಿಲ್ಲ. ಕಾಕಾನ ಸಿಟ್ಟು ಮಾತ್ರ ಚೆನ್ನಾಗಿ ನೆನಪಿದೆ. ಅದನ್ನೂ ನಾನೇ ವರ್ಷವರ್ಷ ಬೆಳೆಸಿಕೊಂಡು ಬಂದಿದ್ದೇನೋ ಎಂಬ ಅನುಮಾನವಿದೆ.

ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದಲು ನಾನು ವಡೋದರಾದಲ್ಲಿ ಅಪ್ಪನ ತಮ್ಮನ ಮನೆಯಲ್ಲಿದ್ದೆ. ಧಾರವಾಡದಿಂದ ಬಂದ ಕಾಕಾ ಕೀಟನಾಶಕದ ಕಂಪನಿಯೊಂದರ ಪ್ರತಿನಿಧಿ. ಡಬ್ಬದ ಬೆಲೆ ಹೇಳುವಷ್ಟೇ ಗುಜರಾತಿ ಅವರಿಗೆ ಬರುತ್ತಿತ್ತು. ಅಹಮದಾಬಾದಿನಲ್ಲಿ ಬೆಳೆದ ನನ್ನನ್ನು ರಜೆಯ ದಿನ ಹೊಲಗಳಿಗೆ ಕರೆದೊಯ್ಯುತ್ತಿದ್ದರು; ಅವರ ಕನ್ನಡವನ್ನು ನಾನು ಗುಜರಾತಿಯಲ್ಲಿ ಹೇಳಬೇಕು. ಅದೇ ನನ್ನ ಊಟದ ಬಾಡಿಗೆ ಎಂದು ಕಾಕಾನ ಹೆಂಡತಿ, ಕಾಕೂ, ನಗುತ್ತಿದ್ದರು. ಒಳ್ಳೆಯ ನಗುವಲ್ಲ.

ಆ ಸಲ ಕಾಯಿಕೊರಕಕ್ಕೆಂದು ಡಿಡಿಟಿ ಹೊಡೆದ ಹತ್ತಿಯಲ್ಲೇ ಬಿಳಿ ನೊಣ ಎದ್ದಿತ್ತು. ಗಿಡ ಅಲ್ಲಾಡಿಸಿದರೆ ಹಿಟ್ಟಿನಂತೆ ಹಾರುತ್ತಿದ್ದವು. ಕೆಳಗಿನ ಎಲೆಗಳು ಅಂಟಂಟಾಗಿ ಕರ್ರಗಾಗಿದ್ದವು. ಡಿಡಿಟಿಗೆ ಪ್ಯಾರಾಥಿಯಾನ್ ಎಂಬ ಇನ್ನೊಂದು ವಿಷ ಕೂಡಿಸಿ ಹೊಡೆಸುವುದು ಕಾಕಾನ ಉಪಾಯ. ನೊಣ ತಿನ್ನುವ ಹುಳುಗಳನ್ನು ಡಿಡಿಟಿಯೇ ಕೊಂದಿರಬಹುದು, ಅದನ್ನು ಬಿಟ್ಟುಬಿಡಿ ಎಂದು ನಾನು ಹೊಲಕ್ಕೆ ಹೋಗುವ ಹಿಂದಿನ ದಿನ ಊಟದ ಹೊತ್ತಿನಲ್ಲಿ ಅಂದೆ.

“ಹುಳಾ ಕೊಲ್ಲಲಿಕ್ಕೆ ಹುಳಾ ಸಾಕಬೇಕೇನವಾ? ಡಬ್ಬಿ ತುಂಬಿ ಹುಳಾ ಮಾರಲೇನು?” ಕಾಕಾ ರೊಟ್ಟಿಯನ್ನು ತಟ್ಟೆಗೆ ಒಗೆದರು. “ನಾ ಹೇಳಿದ್ದಷ್ಟ ಹೇಳು. ಒಂದ ಮಾತು ಹೆಚ್ಚಾತಂದ್ರ ಈ ಮನ್ಯಾಗ ಜಾಗಾ ಇಲ್ಲ.”

ಹೊಲದ ಯಜಮಾನ ಡಬ್ಬಗಳನ್ನು ನೋಡಿ, ಎರಡೂ ಬೇಕೇ ಎಂದು ಕೇಳಿದ. ಬೇಕೇ ಬೇಕು ಎಂದರು ಕಾಕಾ. ನಾನು ಅದನ್ನು ಗುಜರಾತಿಯಲ್ಲಿ ಹೇಳಿ, “ಇದು ಸಾಹೇಬರ ಮಾತು. ನನ್ನನ್ನು ಕೇಳಿದರೆ ಡಿಡಿಟಿ ಬೇಡ” ಎಂದು ಸೇರಿಸಿದೆ. ಡಿಡಿಟಿ ಎಂಬ ಶಬ್ದ, ಅಲ್ಲಾಡಿದ ನನ್ನ ತಲೆ, ಕಾಕಾನಿಗೆ ಅಷ್ಟೇ ಸಾಕಾಯಿತು; ಯಜಮಾನನ ಎದುರೇ ನನ್ನನ್ನು ಗದರಿದರು.

“ಜಗಳ ಮನೆಯಲ್ಲೇ ಮುಗಿಸಿಕೊಂಡು ಬರಬಾರದಿತ್ತೇ, ಬೆನ್?” ಯಜಮಾನ ನನ್ನನ್ನು ತಂಗಿ ಎಂದು ಕರೆದು ನಕ್ಕು, ಎರಡನ್ನೂ ಕೂಡಿಸಲು ಹೇಳಿದ. ಆಳುಗಳು ಗಿಡದ ನೆತ್ತಿಯ ಮೇಲಷ್ಟೇ ಹೊಡೆಯುತ್ತ ಹೋದರು. ನೊಣ ಇದ್ದದ್ದು ಎಲೆಯ ಅಡಿಯಲ್ಲಿ. ಕಾಕಾ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡದಿರುವುದರಲ್ಲೇ ಮುಳುಗಿದ್ದೆವು. ಪಂಪಿನ ನಳಿಕೆಯನ್ನು ಮೇಲ್ಮುಖ ಮಾಡಿ ಎಂದು ಯಾರೂ ಹೇಳಲಿಲ್ಲ.

ಕೆಲವು ವಾರಗಳಲ್ಲಿ ನೊಣ ಮೊದಲಿಗಿಂತ ದಟ್ಟವಾಗಿ ಬಂತು. ಗೆದ್ದೆ ಎಂದುಕೊಂಡೆ. ಈಗ ಅಷ್ಟು ಧೈರ್ಯವಿಲ್ಲ. ಔಷಧ ಸೋತದ್ದು ಡಿಡಿಟಿಯಿಂದಲೋ ನಳಿಕೆಯಿಂದಲೋ, ಒಮ್ಮೆ ಡಿಡಿಟಿ ಬಿಟ್ಟು ನೋಡದೆ ತಿಳಿಯುವ ದಾರಿಯೇ ಇರಲಿಲ್ಲ.

“ಹೊಡಿಯೂಕಿಂತ ಮೊದಲ ಬಾಯಿ ಹಾಕಿದಿ, ಔಷಧ ಎಲ್ಲಿ ಹತ್ತತದ?” ಎಂದರು ಕಾಕಾ. ಆ ವಾರವೇ ನನ್ನನ್ನು ಅಹಮದಾಬಾದಿನ ರೈಲು ಹತ್ತಿಸಿದರು. ವಡೋದರಾದ ಹಾಸ್ಟೆಲಿನಲ್ಲಿ ಜಾಗ ಸಿಕ್ಕಲಿಲ್ಲ, ಎಂ.ಎಸ್ಸಿ. ಒಂದು ವರ್ಷ ಹಿಂದೆ ಬಿತ್ತು.

ಮುಂದೆ ಕಾಕಾನಿಗೆ ಸೂರತ್‌ಗೆ ವರ್ಗವಾಯಿತು. ಅಲ್ಲಿಗೆ ಹೋದಾಗ, ಕಾಕೂ ಚಹಾ ಮಾಡಲು ಒಳಗೆ ಹೋದದ್ದನ್ನು ನೋಡಿ, ಒಂದು ಮಾತು ಕೇಳಿದೆ. ಕಾಕಾ ಕಿಟಕಿಯ ಕಡೆ ತಿರುಗಿದರು.

“ಕಾಕಾ, ಮರುವರ್ಷ ಆ ಹೊಲಕ್ಕ ಡಿಡಿಟಿ ಹೊಡಸಿದ್ರೋ, ಬಿಟ್ಟಿದ್ರೋ?”