ಹಾಲು ಮುಟ್ಟದವಳಿಗೆ ಹಾಲು ತುಪ್ಪ

ನನ್ನ ತಂಗಿ ಹಾಲು ಬಿಟ್ಟಿದ್ದು ಎಂಟನೇ ಕ್ಲಾಸಿನಲ್ಲಿ. ಅಜ್ಜಂಪುರದ ನಮ್ಮ ಮನೆಯಲ್ಲಿ ಆ ವರ್ಷ ಹಸುವಿನ ಕರು ಸತ್ತಿತ್ತು. ಕರು ಕಾಣದೆ ಹಸು ಹಾಲು ಇಳಿಸುವುದಿಲ್ಲ. ಅದಕ್ಕೆ ಅಪ್ಪ ಸತ್ತ ಕರುವಿನ ಚರ್ಮ ಬಿಡಿಸಿ, ಒಳಗೆ ಒಣಹುಲ್ಲು ತುಂಬಿ ಹೊಲಿಸಿ, ಹಸುವಿನ ಮುಂದೆ ನಿಲ್ಲಿಸಿದ. ಹಸು ಅದನ್ನು ನೆಕ್ಕುತ್ತಾ ಹಾಲು ಕೊಟ್ಟಿತು. ಆಗ ಊರಿನಲ್ಲಿ ಎಷ್ಟೋ ಜನ ಹಾಗೆ ಮಾಡುತ್ತಿದ್ದರು, ನನಗೇನೂ ಅನ್ನಿಸಲಿಲ್ಲ. ತಂಗಿ ಮಾತ್ರ ಲೋಟ ಮುಂದಿಟ್ಟುಕೊಂಡು ಕೂತವಳು ಕುಡಿಯದೆ ಎದ್ದುಹೋದಳು. ನಾಲ್ಕು ದಿನದ ಹಠ ಎಂದುಕೊಂಡು ಅವ್ವ ಸುಮ್ಮನಿದ್ದಳು. ಆ ನಾಲ್ಕು ದಿನ ಇಪ್ಪತ್ತು ವರ್ಷವಾಯಿತು. ಹಾಲು, ಮೊಸರು, ಮಜ್ಜಿಗೆ, ತುಪ್ಪ, ಯಾವುದನ್ನೂ ಅವಳು ಮತ್ತೆ ಬಾಯಿಗೆ ಹಾಕಲಿಲ್ಲ. ಬಾಡು, ಮೊಟ್ಟೆಯಂತೂ ಆಮೇಲಿನ ವರ್ಷವೇ ಹೋದವು.

ಇಂಥವರಿಗೆ ವೀಗನ್ ಎನ್ನುತ್ತಾರೆ ಎಂದು ಅವಳಿಗೆ ಗೊತ್ತಾಗಿದ್ದು ಮೊಬೈಲು ಬಂದಮೇಲೆ. ಅದರಲ್ಲೇ ಮೆಕ್ಸಿಕೋ ಕಡೆಯ ಅಡುಗೆಯೂ ಸಿಕ್ಕಿತು. ಒಂದು ದಿನ ತರೀಕೆರೆಗೆ, ನನ್ನನ್ನು ಕೊಟ್ಟ ಮನೆಗೆ ಬಂದು, 'ಅಕ್ಕ, ಅವ್ರೂ ನಮ್ ಥರಾನೇ ಕಣೇ. ಮೆಕ್ಕೆಜೋಳ, ಕಾಳು, ಮೆಣಸಿನಕಾಯಿ. ನಾವು ಕೋಳಿಗ್ ಹಾಕೋ ಜೋಳನ ಅವ್ರು ರೊಟ್ಟಿ ಮಾಡ್ಕೊಂಡ್ ತಿಂತಾರೆ' ಎಂದಳು. ನಾನು ನಕ್ಕೆ. ಆದರೆ ನಕ್ಕವಳೇ ಅವಳನ್ನು ಮನೆಯಲ್ಲೇ ಉಳಿಸಿಕೊಂಡು ಅವಳ ಜೊತೆ ಸೇರಿಕೊಂಡೆ. ವೆಲ್ಡಿಂಗ್ ಅಂಗಡಿಯಲ್ಲಿ ಡೀಸೆಲ್ ಡ್ರಮ್ಮನ್ನು ಉದ್ದಕ್ಕೆ ಸೀಳಿಸಿ, ನಾಲ್ಕು ಕಾಲು ಇಡಿಸಿ, ಮೇಲೆ ಕಂಬಿ ಜಾಲರಿ ಹಾಕಿಸಿದೆವು. ಅದೇ ನಮ್ಮ ಬಾರ್ಬೆಕ್ಯೂ. ಕೆಂಡಕ್ಕೆ ತೆಂಗಿನ ಚಿಪ್ಪಿನ ಇದ್ದಿಲು. ಹುಟ್ಟುಹಬ್ಬ, ನಿಶ್ಚಿತಾರ್ಥ, ರಿಟೈರ್ಮೆಂಟು ಎಂದು ಕಡೂರಿನವರೆಗೂ ಕರೆಯತೊಡಗಿದರು. ಕೈಯಲ್ಲಿ ಹಿಡಿದು ನಿಂತುಕೊಂಡೇ ತಿನ್ನುವ ತಿಂಡಿಗಳು: ಅಂಗೈ ಅಗಲದ ಮೆಕ್ಕೆಜೋಳದ ರೊಟ್ಟಿ ಸುಟ್ಟು ಮಡಿಚಿ, ಒಳಗೆ ಹುರಿದ ರಾಜ್ಮಾ, ಹಸಿ ಈರುಳ್ಳಿ, ಬೆಣ್ಣೆಹಣ್ಣಿನ ಚಟ್ನಿ. ಕಡ್ಡಿಗೆ ಚುಚ್ಚಿ ಸುಟ್ಟ ದೊಣ್ಣೆಮೆಣಸಿನಕಾಯಿ, ಅಣಬೆ. ಮೆಕ್ಕೆಜೋಳದ ತೆನೆಗೆ ಖಾರದಪುಡಿ, ನಿಂಬೆರಸ. ಮೊಸರಿನ ಜಾಗಕ್ಕೆ ಗೋಡಂಬಿ ರುಬ್ಬಿ ಹುಳಿ ಹಿಂಡಿದ್ದು. ತಂಗಿ ಹೊಗೆಗೆ ಕಣ್ಣು ಕೆಂಪಗಾಗಿ, ಮೊಣಕೈವರೆಗೂ ಮಸಿಯಾಗಿ ನಿಂತಿರುತ್ತಿದ್ದಳು. ನಮ್ಮ ಸೋದರಮಾವ ರೇಗಿಸುತ್ತಿದ್ದ: 'ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಇವ್ಳು ಕೈನೂ ಮಸಿ ಮಾಡ್ಕೊಂಡ್ಲು, ಮೊಸರೂ ಬ್ಯಾಡ ಅಂತಾಳೆ.'

ನಾನು ಅವಳ ಹಾಗಲ್ಲ. ಸಿಕ್ಕಿದ್ದೆಲ್ಲ ತಿನ್ನುವವಳು, ಮುಂಗೋಪಿ ಬೇರೆ. ಆ ಮುಂಗೋಪದ್ದೇ ಒಂದು ಸಂಜೆಯ ಕಥೆ ಇದು.

ಕಡೂರಿನಲ್ಲಿ ಒಂದು ನಿಶ್ಚಿತಾರ್ಥ. ತಾರಸಿಯ ಮೇಲೆ ಶಾಮಿಯಾನ. ಗಂಡಿನ ಕಡೆಯವರು ಬಂದು ಕೂತಿದ್ದರು. ತಂಗಿ ಆ ತುದಿಯಲ್ಲಿ ರೊಟ್ಟಿ ತುಂಬಿಸುತ್ತಿದ್ದಳು, ಈ ತುದಿಯಲ್ಲಿ ನಾನು ತೆನೆ ಸುಡುತ್ತಿದ್ದೆ. ಹುಡುಗಿಯ ದೊಡ್ಡಮ್ಮ ಒಂದು ಬಟ್ಟಲು ತುಪ್ಪ ಹಿಡಿದು ಬಂದರು. 'ಒಣಕಲು ಜೋಳನ ಬೀಗರ ಮುಂದೆ ಇಡಕ್ಕಾಗುತ್ತೇನಮ್ಮ? ಒಂಚೂರು ಸವರ್ಬಿಡು' ಎಂದರು. ನನಗೂ ಅದು ಸರಿಯೆನಿಸಿತು. ನಮ್ಮಲ್ಲಿ ತುಪ್ಪ ಎಂದರೆ ಮರ್ಯಾದೆ. ಎಲೆಗೆ ತುಪ್ಪ ಬೀಳದಿದ್ದರೆ ಬೀಗರು ಹತ್ತು ವರ್ಷ ಆಡಿಕೊಳ್ಳುತ್ತಾರೆ. ಅದೊಂದು ಪದಾರ್ಥ, ಹಸುವಿನಿಂದ ಬಂದದ್ದು ಎನ್ನುವುದು ನನ್ನ ತಲೆಗೇ ಬರಲಿಲ್ಲ. ಎಲ್ಲ ತೆನೆಗೂ ಸವರಿದೆ. ಕೊನೆಗೆ ಅದೇ ದೊಡ್ಡಮ್ಮ, ಬೆಳಗ್ಗಿಂದ ಏನೂ ತಿಂದಿಲ್ಲವಲ್ಲ ಎಂದು ಪ್ರೀತಿಯಿಂದ ಒಂದು ತೆನೆಯನ್ನು ತಂಗಿಯ ಕೈಗಿಟ್ಟರು. ಅವಳು ಕಚ್ಚಿದಳು. ಅಗಿಯುತ್ತಿದ್ದ ಬಾಯಿ ನಿಂತುಹೋಯಿತು.

ಮೂಲೆಗೆ ಹೋಗಿ ಉಗಿದು, ಬಾಯಿ ಮುಕ್ಕಳಿಸಿ ಬಂದು ನನ್ನ ಪಕ್ಕ ನಿಂತಳು. 'ಹಾಕ್ದೋಳು ನೀನೇನಕ್ಕ?'

'ಒಂಚೂರು ಕಣೇ. ಬೀಗ್ರು ಬಂದಿದ್ರಲ್ಲ. ನೀನ್ ತಿಂತೀಯ ಅಂತ ನಂಗೇನ್ ಗೊತ್ತು?'

'ನನ್ ಬಾಯಿಗೆ ಏನ್ ಹೋಗ್ಬೇಕು ಅನ್ನೋದ್ನ ಇನ್ಮೇಲೆ ನೀನು ತೀರ್ಮಾನ ಮಾಡ್ಬ್ಯಾಡ.'

ತಪ್ಪಾಯಿತು ಎನ್ನಬಹುದಿತ್ತು. ನಾನು ಅಂದದ್ದು, 'ಒಂದ್ ಚಮಚ ತುಪ್ಪಕ್ಕೆ ಸತ್ತೋಗಲ್ಲ ಬಿಡೇ.' ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಕೆಂಡಕ್ಕೆ ನೀರು ಚಿಮುಕಿಸಿದಳು. ಮಾರನೆಯ ದಿನ ಬಸ್ಸು ಹತ್ತಿ ಅಜ್ಜಂಪುರಕ್ಕೆ ಅವ್ವನ ಹತ್ತಿರ ಹೋದಳು. ಎರಡು ವಾರ ಫೋನಿಲ್ಲ. ನಾನೂ ಮಾಡಲಿಲ್ಲ, ತಾನೇ ಮಾಡಲಿ ಎಂದು ಬಿಗಿದುಕೊಂಡು ಕೂತೆ.

ಆಮೇಲೆ ಫೋನು ಮಾಡಿದವಳು ಅವ್ವ. ತಂಗಿಗೆ ಜ್ವರ ಬಂದು ನಾಲ್ಕು ದಿನವಾಗಿತ್ತು. ಡೆಂಗಿ. ಶಿವಮೊಗ್ಗದ ಆಸ್ಪತ್ರೆಗೆ ನಾನು ಹೋಗುವಷ್ಟರಲ್ಲಿ ಅವಳ ತುಟಿ ಒಡೆದು ರಕ್ತ ಜಿನುಗುತ್ತಿತ್ತು. ಅವತ್ತು ಮಧ್ಯಾಹ್ನ ಯಾರೋ ಹಾಲು, ಬ್ರೆಡ್ಡು ತಂದಿಟ್ಟರು. ಅವ್ವ ಲೋಟ ಎತ್ತಿ, 'ಇದೊಂದ್ಸಲ ಕುಡ್ದ್ಬಿಡು ಮಗ, ಔಷಧಿ ಅಂತ ತಿಳ್ಕೊ' ಎಂದಳು. ತಂಗಿ ನನ್ನ ಕಡೆ ನೋಡಿದಳು. ನಾನು ಲೋಟ ಕಿತ್ತುಕೊಂಡು ಹೋಗಿ ಹೊರಗಿನ ಸಿಂಕಿಗೆ ಸುರಿದು ಬಂದೆ. ಅವ್ವ ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ತಂಗಿ ಮಾತ್ರ ನನ್ನ ಕೈ ಹಿಡಿದುಕೊಂಡಳು. ನಾವಿಬ್ಬರೂ ರಾಜಿಯಾದೆವು ಎಂದು ನನಗೆ ಅಷ್ಟರಲ್ಲೂ ಸಂತೋಷವಾಯಿತು. ಮಾರನೆಯ ಬೆಳಗ್ಗೆ ಅವಳು ಹೋಗಿಬಿಟ್ಟಳು. ಮೂವತ್ತಮೂರು ವರ್ಷ ವಯಸ್ಸು.

ಅಪ್ಪನ ಸಮಾಧಿಯ ಪಕ್ಕದಲ್ಲೇ, ನಮ್ಮ ಹೊಲದಲ್ಲಿ ಮಣ್ಣು ಮಾಡಿದೆವು. ಬಂದವರೆಲ್ಲ ಒಂದೇ ಮಾತು: ಹಾಲು ಕುಡಿದಿದ್ದರೆ ಮೈಯಲ್ಲಿ ಒಂದಿಷ್ಟು ಕಸುವಿರುತ್ತಿತ್ತು. ಹಾಲು ಕುಡಿದವರೂ ಡೆಂಗಿಗೆ ಸಾಯುತ್ತಾರೆ ಎಂದು ಒಬ್ಬರ ಮುಖಕ್ಕೇ ಹೇಳಿದೆ. ಅವ್ವ ಮಾತ್ರ ಆ ಮಾತನ್ನು ನಂಬಿಬಿಟ್ಟಳು. ಮಗಳ ಹಠಕ್ಕೆ ಎಂಟನೇ ಕ್ಲಾಸಿನಲ್ಲೇ ಎರಡು ಬಾರಿಸಿದ್ದರೆ ಇವತ್ತು ಬದುಕಿರುತ್ತಿದ್ದಳು ಎಂದು ಗೋಡೆಗೆ ತಲೆ ಚಚ್ಚಿಕೊಂಡಳು. ಎರಡು ದಿನ ಅನ್ನ ಮುಟ್ಟಲಿಲ್ಲ.

ಮೂರನೆಯ ದಿನ ಹಾಲು ತುಪ್ಪ. ಮಣ್ಣು ಮಾಡಿದ ಜಾಗಕ್ಕೆ ಹೋಗಿ, ತಲೆಯ ಕಡೆ ಎಡೆಯಿಟ್ಟು, ಬಾಯಿ ಇರುವ ಜಾಗ ನೋಡಿ ಹಾಲು, ತುಪ್ಪ ಬಿಡಬೇಕು. ಇಲ್ಲದಿದ್ದರೆ ಸತ್ತ ಜೀವ ತಣಿಯುವುದಿಲ್ಲ ಎನ್ನುವುದು ನಂಬಿಕೆ. ಇಪ್ಪತ್ತು ವರ್ಷ ಹಾಲು ಮುಟ್ಟದ ಬಾಯಿಗೆ ಅದನ್ನು ಬಿಡಕೂಡದು ಎಂದುಕೊಂಡೆ. ಬೆಳಗ್ಗೆಯೇ ತರೀಕೆರೆಯಿಂದ ಡ್ರಮ್ಮು ತರಿಸಿ ಹಿತ್ತಲಲ್ಲಿ ಕೆಂಡ ಮಾಡಿದೆ. ಸತ್ತವರಿಗೆ ಇಷ್ಟವಾದದ್ದನ್ನು ಎಡೆಗೆ ಇಡುವುದು ಪದ್ಧತಿಯೇ ಆದ್ದರಿಂದ ಯಾರೂ ಬೇಡವೆನ್ನಲಿಲ್ಲ. ಪುಟ್ಟ ರೊಟ್ಟಿ ಸುಟ್ಟೆ, ರಾಜ್ಮಾ ತುಂಬಿದೆ, ತೆನೆಗೆ ಖಾರ ಹಚ್ಚಿದೆ. ಅವಳ ಕೈಯ ಹದ ಬರಲಿಲ್ಲ, ರೊಟ್ಟಿ ಸೀದವು. ಜೊತೆಗೆ ಎರಡು ತೆಂಗಿನಕಾಯಿ ತುರಿದು ಹಾಲು ಹಿಂಡಿ ಚೊಂಬಿಗೆ ತುಂಬಿ, ಕೊಬ್ಬರಿ ಎಣ್ಣೆಯ ಶೀಶೆಯನ್ನೂ ಇಟ್ಟುಕೊಂಡು, ಹಾಲು ತುಪ್ಪದ ಬದಲು ಇವನ್ನೇ ಬಿಡುತ್ತೇನೆ ಎಂದು ಮಾವನಿಗೆ ಹೇಳಿದೆ. ಮಾವ ಬಯ್ಯುತ್ತಾನೆ ಎಂದುಕೊಂಡಿದ್ದೆ. ಅವನು ಚೊಂಬಿನೊಳಗೆ ಇಣುಕಿ, 'ಬೆಳ್ಳಗಿದ್ರೆ ಸಾಕು, ನಾನ್ ಕೇಳಲ್ಲ. ಆದ್ರೆ ನಿಮ್ಮವ್ವಂಗೆ ಹೇಳ್ಬ್ಯಾಡ' ಎಂದ.

ಮಂಡಿ ನೋವಿನಿಂದ ಅವ್ವ ಹೊಲದವರೆಗೆ ನಡೆಯಲಾರಳು. ನಾವು ಹೊರಡುವಾಗ ಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ತಂಬಿಗೆ ಹಾಲು, ಪುಟ್ಟ ಬಟ್ಟಲಲ್ಲಿ ತುಪ್ಪ. ಪಕ್ಕದ ಮನೆಯವರ ಕೊಟ್ಟಿಗೆಯಲ್ಲಿ ಕೂತು ತಾನೇ ಹಾಲು ಕರೆದು ತಂದಿದ್ದಳು.

'ಹುಟ್ದಾಗ ಮೊದ್ಲು ಹಾಲ್ ಕೊಟ್ಟೋಳು ನಾನು. ಕಡೇದೂ ನಂದೇ ಆಗ್ಲಿ' ಎಂದು ನನ್ನ ಕೈಗಿಟ್ಟಳು.

ದಾರಿಯುದ್ದಕ್ಕೂ ಎರಡೂ ಹಾಲು ನನ್ನ ಬಳಿ ಇದ್ದವು. ಮಾವ ಮುಂದೆ ನಡೆಯುತ್ತಿದ್ದ, ಒಮ್ಮೆಯೂ ತಿರುಗಿ ನೋಡಲಿಲ್ಲ. ಎಡೆಯಿಟ್ಟು, ಊದುಬತ್ತಿ ಹಚ್ಚಿ, 'ಬಿಡವ್ವ' ಎಂದು ಮುಖ ಆಚೆ ತಿರುಗಿಸಿ ನಿಂತ. ಕೊಬ್ಬರಿ ಎಣ್ಣೆಯ ಶೀಶೆಯ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ. ಸತ್ತವಳು ಇನ್ನು ನನ್ನನ್ನು ಏನೂ ಕೇಳುವುದಿಲ್ಲ, ಮನೆಯಲ್ಲಿ ಉಪವಾಸ ಕೂತವಳು ಕೇಳುತ್ತಾಳೆ. ಅಷ್ಟೇ ನನಗೆ ಹೊಳೆದದ್ದು. ಅವ್ವನ ತಂಬಿಗೆ ಬಗ್ಗಿಸಿದೆ. ಹಾಲು ಮಣ್ಣಿನ ಮೇಲೆ ಒಂದು ಗಳಿಗೆ ನಿಂತು ಇಂಗಿತು. ತುಪ್ಪ ಹೆಪ್ಪುಗಟ್ಟಿತ್ತು, ಬೆರಳಿನಿಂದ ಸವರಿ ಹಾಕಬೇಕಾಯಿತು. ಕಡೂರಿನಲ್ಲಿ ಗೊತ್ತಾಗದೆ ಹಾಕಿದೆ ಎಂದು ಹೇಳಿಕೊಳ್ಳಬಹುದಿತ್ತು. ಇಲ್ಲಿ ಗೊತ್ತಿದ್ದೇ ಹಾಕಿದೆ.

ಮನೆಗೆ ಬಂದು ಸ್ನಾನ ಮಾಡಿ ಅವ್ವನಿಗೆ ಅನ್ನ ಕಲಸಿಕೊಟ್ಟೆ. ಅವಳು ತುತ್ತು ಎತ್ತದೆ ನನ್ನ ಮುಖವನ್ನೇ ನೋಡುತ್ತಿದ್ದಳು.

'ಕುಡುದ್ಲಾ?' ಎಂದಳು.

'ಕುಡುದ್ಲು ಅವ್ವ.'

'ಬ್ಯಾಡ ಅನ್ಲಿಲ್ವಾ?'

'ಇಲ್ಲ ಅವ್ವ, ಒಂದ್ ಮಾತೂ ಆಡ್ಲಿಲ್ಲ' ಎಂದೆ. ಅವ್ವ ತುತ್ತು ಬಾಯಿಗಿಟ್ಟುಕೊಂಡಳು.